ಮುದ್ದೆ ಬಿಡಬೇಡಿ, ಹಿಟ್ಟು ತೂಗಿ: ಸಕ್ಕರೆ ಕಾಯಿಲೆಗೆ ನಮ್ಮ ಅಡುಗೆಯನ್ನು ಹೊಂದಿಸುವ ಬಗೆ

ಅಡುಗೆಯ ಬಗ್ಗೆ ಬರೆಯಲು ಆರಂಭಿಸಿದಾಗಿನಿಂದ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತವೆ: "ಶುಗರ್ ಬಂದಿದೆ, ಇನ್ನು ಅನ್ನ ಬಿಟ್ಟು ಮುದ್ದೆ ತಿನ್ನಬೇಕೇ?" ಉಳಿದವರ ದೂರು ಅದಕ್ಕೆ ತದ್ವಿರುದ್ಧ: "ಆರು ತಿಂಗಳಿಂದ ಮುದ್ದೆಯನ್ನೇ ತಿನ್ನುತ್ತಿದ್ದೇವೆ, ಸಕ್ಕರೆ ಇಳಿದೇ ಇಲ್ಲ, ಏಕೆ?" ಇಬ್ಬರಿಗೂ ನಾನು ಕೇಳುವುದು ಒಂದನ್ನೇ. ನಿಮ್ಮ ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು ಹೋಗುತ್ತದೆ? ಇದುವರೆಗೆ ಯಾರೂ ಥಟ್ಟನೆ ಉತ್ತರ ಕೊಟ್ಟಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಅಂದರೆ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಂತೂ ಇರುತ್ತದೆ. ಅವರಿಗೆಂದು ಬೇರೆ ಒಲೆ, ಬೇರೆ ಅಡುಗೆ ಹೂಡಿದರೆ ಹದಿನೈದು ದಿನಕ್ಕೆ ಎಲ್ಲರಿಗೂ ಸಾಕಾಗುತ್ತದೆ. ಇದ್ದ ಅಡುಗೆಯನ್ನೇ ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಹಳೆ ಮೈಸೂರಿನ ಮುದ್ದೆ, ಬಸ್ಸಾರನ್ನು ಮುಂದಿಟ್ಟುಕೊಂಡು ಇಲ್ಲಿ ಹೇಳುತ್ತೇನೆ. ಉತ್ತರ ಕರ್ನಾಟಕದವರೂ ಕರಾವಳಿಯವರೂ ಇದೇ ಲೆಕ್ಕವನ್ನು ತಮ್ಮ ರೊಟ್ಟಿಗೆ, ಕುಚ್ಚಲಕ್ಕಿಗೆ ಹಾಕಿಕೊಳ್ಳಬಹುದು.

ಇದು ಯಾರಿಗೆ, ಯಾರಿಗಲ್ಲ

ದೊಡ್ಡವರಾದ ಮೇಲೆ ಬರುವ ಸಾಮಾನ್ಯ ಮಧುಮೇಹಕ್ಕೆ, ಅಂದರೆ ಎರಡನೇ ಬಗೆಯದಕ್ಕೆ ಈ ಕ್ರಮ. ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಇಲ್ಲದೆ ಬದುಕಲಾಗದ ಒಂದನೇ ಬಗೆಯವರು ಮತ್ತು ಗರ್ಭಿಣಿಯರು ವೈದ್ಯರ ಜೊತೆ ಕೂತೇ ಊಟವನ್ನು ನಿಗದಿ ಮಾಡಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೂ ಇದೇ ಮಾತು. ಕೆಳಗೆ ನಾನು ಹೊಗಳುವ ಸೊಪ್ಪು, ಕಾಳುಗಳೇ ಅವರಿಗೆ ಆಗದಿರಬಹುದು.

ಏನೇನು ಬೇಕು

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ, ಗ್ಲುಕೋಮೀಟರ್ (ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ಅಳೆಯುವ ಯಂತ್ರ), ಅದರ ಪಟ್ಟಿಗಳು, ಒಂದು ಇನ್ನೂರು ಪುಟದ ನೋಟ್‌ಬುಕ್. ಸಿರಿಧಾನ್ಯದ ಪೊಟ್ಟಣ, "ಶುಗರ್‌ನವರಿಗಾಗಿ" ಎಂದು ಬರೆದ ಹಿಟ್ಟು, ಬಿಸ್ಕತ್ತುಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ಆ ಹಣದಲ್ಲಿ ಪಟ್ಟಿಗಳನ್ನು ತನ್ನಿ.

ಒಂದು ಪದ ಗೊತ್ತಿರಬೇಕು: ಶರ್ಕರಪಿಷ್ಟ. ಅಕ್ಕಿ, ರಾಗಿ, ಗೋಧಿ, ಆಲೂಗಡ್ಡೆ, ಬೆಲ್ಲ ಎಲ್ಲದರಲ್ಲೂ ಇದ್ದು, ಜೀರ್ಣವಾದ ಮೇಲೆ ರಕ್ತದಲ್ಲಿ ಸಕ್ಕರೆಯಾಗುವ ಅಂಶ ಇದು. ಕಾರ್ಬೋಹೈಡ್ರೇಟ್ ಎನ್ನುವುದು ಇದನ್ನೇ. ಊಟವೊಂದಕ್ಕೆ 45ರಿಂದ 60 ಗ್ರಾಂ ಎಂಬುದು ಆಹಾರ ತಜ್ಞರು ಸಾಮಾನ್ಯವಾಗಿ ಹಾಕಿಕೊಡುವ ಲೆಕ್ಕ. ನಿಮ್ಮ ಮೈತೂಕ, ದುಡಿಮೆ, ಔಷಧ ನೋಡಿ ನಿಮ್ಮ ವೈದ್ಯರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಹಂತ 1: ಮೂರು ದಿನ ಏನನ್ನೂ ಬದಲಿಸಬೇಡಿ

ಎಂದಿನಂತೆಯೇ ತಿನ್ನಿ, ಆದರೆ ಬೇಯಿಸುವ ಮೊದಲು ಹಿಟ್ಟನ್ನೂ ಅಕ್ಕಿಯನ್ನೂ ತೂಗಿ ಬರೆದಿಡಿ. ಹಸಿ ತೂಕವೇ ಬೇಕು. ಬೆಂದ ಮೇಲೆ ನೀರು ಸೇರಿ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಮಧ್ಯಾಹ್ನದ ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ಸಕ್ಕರೆ ನೋಡಿ. ಊಟ ಮುಗಿಸಿ ಎದ್ದ ಹೊತ್ತಿನಿಂದ ಎಣಿಸುವುದು ಬಹಳ ಜನ ಮಾಡುವ ತಪ್ಪು.

ಇನ್ನೊಂದು ತಪ್ಪು ಕೈ ತೊಳೆಯದಿರುವುದು. ಬೆಲ್ಲ ಕುಟ್ಟಿದ ಅಥವಾ ಮಾವು ಹೆಚ್ಚಿದ ಬೆರಳಿಗೆ ಸೂಜಿ ಚುಚ್ಚಿದರೆ ಯಂತ್ರ ಆ ಬೆಲ್ಲವನ್ನೂ ಸೇರಿಸಿ ಅಳೆಯುತ್ತದೆ. ಸೋಪಿನಲ್ಲಿ ತೊಳೆದು, ಒರೆಸಿ, ಆಮೇಲೆ ಚುಚ್ಚಿ.

ಹಂತ 2: ಪ್ರಮಾಣ ಕಡಿಮೆ ಮಾಡುವ ಮೊದಲು ವೈದ್ಯರಿಗೆ ತಿಳಿಸಿ

ಇದನ್ನು ದಾಟಿ ಮುಂದಕ್ಕೆ ಹೋಗಬೇಡಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂತಹ ಮಾತ್ರೆಗಳು ಮತ್ತು ಇನ್ಸುಲಿನ್ ನೀವು ಎಂದಿನಷ್ಟು ತಿನ್ನುತ್ತೀರಿ ಎಂಬ ಲೆಕ್ಕದ ಮೇಲೆ ಕೊಟ್ಟವು. ಮಾತ್ರೆ ಅಷ್ಟೇ ಇಟ್ಟುಕೊಂಡು ಮುದ್ದೆಯನ್ನು ಒಂದೇ ದಿನದಲ್ಲಿ ಅರ್ಧ ಮಾಡಿದರೆ ಸಕ್ಕರೆ ತೀರಾ ಕುಸಿಯಬಹುದು. ಬೆವರು, ಕೈ ನಡುಕ, ಎದೆ ಬಡಿತ, ಕಣ್ಣು ಮಂಜು, ಕಾರಣವಿಲ್ಲದ ಸಿಡಿಮಿಡಿ ಇದರ ಗುರುತು.

ಯಂತ್ರ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಕಾಯಿರಿ, ಮತ್ತೆ ನೋಡಿ, ಏರಿರದಿದ್ದರೆ ಮತ್ತೊಮ್ಮೆ ಕುಡಿಯಿರಿ. ಆ ಹೊತ್ತಿಗೆ ಲಾಡು, ಚಾಕೊಲೇಟ್ ಕೊಡಬೇಡಿ, ಅವುಗಳ ಜಿಡ್ಡು ಸಕ್ಕರೆಯನ್ನು ತಡೆಹಿಡಿಯುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಮನೆಯ ಸಕ್ಕರೆಯೂ ನಿಧಾನವಾಗಿ ಹತ್ತುತ್ತದೆ. ಅವರು ಗ್ಲುಕೋಸ್ ಪುಡಿಯನ್ನೇ ಇಟ್ಟುಕೊಂಡಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಹಂತ 3: ಮುದ್ದೆಯನ್ನು ಅಳತೆಗೆ ತನ್ನಿ

ಈಗ ಅಂಕಿಗಳಿಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ, ಬಿಳಿ ಅಕ್ಕಿಯಲ್ಲಿ 78 ಗ್ರಾಂ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರಾಗಿಯ ಹೆಚ್ಚುಗಾರಿಕೆ ಆ ನಾರಿನಲ್ಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಮೊದಲ ಸಲ ತೂಗಿದಾಗ ಒಂದು ಮುದ್ದೆಗೆ 115 ಗ್ರಾಂ ಹಿಟ್ಟು ಹೋಗಿತ್ತು. ಲೆಕ್ಕ ಹಾಕಿ: 77 ಗ್ರಾಂ ಶರ್ಕರಪಿಷ್ಟ. 60 ಗ್ರಾಂ ಅಕ್ಕಿಯ ಅನ್ನ ಉಂಡಿದ್ದರೆ 47ರಲ್ಲಿ ಮುಗಿಯುತ್ತಿತ್ತು. ರಾಗಿ ಒಳ್ಳೆಯದೆಂದು ಎರಡು ಮುದ್ದೆ ನುಂಗುವವರ ಸಕ್ಕರೆ ಏಕೆ ಇಳಿಯುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಗುರಿ: ಒಬ್ಬರಿಗೆ 60 ಗ್ರಾಂ ಹಿಟ್ಟು. ಶರ್ಕರಪಿಷ್ಟ 40 ಗ್ರಾಂ. ಇಬ್ಬರಿಗೆ 120 ಗ್ರಾಂ ಹಿಟ್ಟು, ಸುಮಾರು 300 ಮಿಲಿಲೀಟರ್ ನೀರು. ರಾಗಿ ಹೊಸದೋ ಹಳೆಯದೋ ನೋಡಿಕೊಂಡು ನೀರು ತುಸು ಹೆಚ್ಚು ಕಡಿಮೆ. ಎಸರು ಕುದಿ ಬಂದಾಗ ಹಿಟ್ಟನ್ನು ನಡುವೆ ಗೋಪುರದಂತೆ ಸುರಿದು, ಸುತ್ತ ನೀರು ಉಕ್ಕಿ ಹಿಟ್ಟಿನೊಳಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ. ಒದ್ದೆ ಮಾಡಿದ ಮಣೆಯ ಮೇಲೆ ಕಟ್ಟಿದಾಗ ಮುದ್ದೆ ಕಿತ್ತಳೆ ಹಣ್ಣಿನ ಗಾತ್ರಕ್ಕೆ ಬರುತ್ತದೆ. ಮೊದಲ ದಿನ ಮನೆಯ ಹಿರಿಯರು ಇದನ್ನು ನೋಡಿ ನಗುತ್ತಾರೆ. ಅದಕ್ಕೇ ಒಂದೇ ಸಲ ಇಳಿಸಬೇಡಿ, ವಾರಕ್ಕೆ ಹತ್ತಿಪ್ಪತ್ತು ಗ್ರಾಂ ಕಡಿಮೆ ಮಾಡುತ್ತಾ ಬನ್ನಿ.

ಇಲ್ಲಿ ಎಡವುವ ಜಾಗಗಳು ಮೂರು. ಮುದ್ದೆ ಮೆತ್ತಗೆ ಬರಲೆಂದು ಎಸರಿಗೆ ಒಂದು ಹಿಡಿ ಅಕ್ಕಿನುಚ್ಚನ್ನೋ ರಾತ್ರಿ ಉಳಿದ ಅನ್ನವನ್ನೋ ಹಾಕುವ ಪದ್ಧತಿ ಅನೇಕ ಮನೆಗಳಲ್ಲಿದೆ. ಕೇಳಿದರೆ "ಬರೀ ರಾಗಿ ಮುದ್ದೆ" ಎನ್ನುತ್ತಾರೆ, ನುಚ್ಚು ಲೆಕ್ಕಕ್ಕೇ ಬಂದಿರುವುದಿಲ್ಲ. ಅದರ ಬದಲು ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪನ್ನೋ ನುಗ್ಗೆ ಸೊಪ್ಪನ್ನೋ ಎಸರಿಗೆ ಹಾಕಿ. ಮುದ್ದೆಯ ಬಿಗಿ ಸ್ವಲ್ಪ ಸಡಿಲವಾಗುತ್ತದೆ, ಗಾತ್ರ ತುಂಬಿಕೊಳ್ಳುತ್ತದೆ. ಎರಡನೆಯದು ಹಿಟ್ಟನ್ನು ಸೋಸುವುದು. ಬಟ್ಟೆಯಲ್ಲಿ ಸೋಸಿದ ನುಣುಪು ಹಿಟ್ಟು ಮಗುವಿಗೆ ಉಣಿಸುವ ರಾಗಿ ಮಣ್ಣಿ ಮಾಡಲು ಸರಿ. ನಿಮಗೆ ತೌಡು ಸಮೇತ ಇರುವ ಮಿಲ್ಲಿನ ಹಿಟ್ಟು ಬೇಕು. ಮೂರನೆಯದು ಮುದ್ದೆಯ ಹಿಂದೆಯೇ "ಒಂದು ತುತ್ತು ಅನ್ನ". ಆ ತುತ್ತನ್ನೂ ಒಮ್ಮೆ ತೂಗಿ ನೋಡಿ, ನನಗಿಂತ ಚೆನ್ನಾಗಿ ತಕ್ಕಡಿಯೇ ಹೇಳುತ್ತದೆ.

ರೊಟ್ಟಿಯವರಿಗೆ ಇದೇ ಲೆಕ್ಕ: ಜೋಳದಲ್ಲಿ 100 ಗ್ರಾಂಗೆ ಶರ್ಕರಪಿಷ್ಟ ಸುಮಾರು 68 ಗ್ರಾಂ. ನಿಮ್ಮ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹೋದರೆ 34 ಗ್ರಾಂ. ಒಂದೂವರೆ ರೊಟ್ಟಿ, ಜೊತೆಗೆ ಮಡಕೆ ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಇದ್ದರೆ ನೀವು ನಮಗಿಂತ ಮುಂದಿದ್ದೀರಿ. ಕರಾವಳಿಯ ಕುಚ್ಚಲಕ್ಕಿ ಬಿಳಿ ಬೆಳ್ತಿಗೆಗಿಂತ ಮೇಲು, ಆದರೆ ಗಂಜಿಯ ಬಟ್ಟಲು ದೊಡ್ಡದಾದರೆ ಆ ಮೇಲ್ಮೆ ಉಳಿಯುವುದಿಲ್ಲ. ಅಲ್ಲಿನವರು 55 ಗ್ರಾಂ ಅಕ್ಕಿಯಿಂದ ಆರಂಭಿಸಿ. ನವಣೆ, ಸಾಮೆ, ಹಾರಕ ಬೇಯಿಸುವವರೂ ತೂಗಲೇಬೇಕು. ಪಾಲಿಷ್ ಮಾಡಿ ಬೆಳ್ಳಗಾದ ಸಿರಿಧಾನ್ಯಕ್ಕೆ ಹೆಚ್ಚು ಹಣ ಕೊಡಬೇಡಿ.

ಹಂತ 4: ಬಸ್ಸಾರನ್ನು ತಟ್ಟೆಯ ನಡುವಿಗೆ ತನ್ನಿ

ಮುದ್ದೆ ಕಿರಿದಾದರೆ ಹೊಟ್ಟೆ ಕೇಳುತ್ತದೆ. ಆ ಜಾಗ ತುಂಬುವುದಕ್ಕೆ ಹೊಸ ಅಡುಗೆ ಬೇಡ, ಬಸ್ಸಾರು ಸಾಕು. ನನ್ನ ಮಟ್ಟಿಗೆ ಮಧುಮೇಹದವರಿಗೆ ಇದಕ್ಕಿಂತ ಹೊಂದುವ ಅಡುಗೆ ನಮ್ಮ ಕಡೆ ಇನ್ನೊಂದಿಲ್ಲ. ಆದರೂ ನಾವು ಅದನ್ನು ಉಣ್ಣುವುದು ತಲೆಕೆಳಗಾಗಿ: ಮುದ್ದೆ ದೊಡ್ಡದು, ಸಾರು ಧಾರಾಳ, ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಚಮಚ.

ನಾಲ್ವರಿಗೆ 120 ಗ್ರಾಂ ಕಾಳು ತೆಗೆದುಕೊಳ್ಳಿ. ಹುರುಳಿ, ಅಲಸಂದೆ, ಹೆಸರು ಯಾವುದಾದರೂ ಸರಿ. ಹುರುಳಿಯಾದರೆ ರಾತ್ರಿಯೇ ನೆನೆಸಿ, ಮೊಳಕೆ ಬರಿಸಿದರೆ ಇನ್ನೂ ರುಚಿ. ಸೊಪ್ಪು ಬಿಡಿಸಿದ ಮೇಲೆ ಒಂದು ಕಿಲೋದಷ್ಟು ಇರಲಿ: ದಂಟು, ಸಬ್ಬಸಿಗೆ, ಕೀರೆ, ಸಿಕ್ಕರೆ ಹೊಲದ ಬೆರಕೆ ಸೊಪ್ಪು. ಈ ಪ್ರಮಾಣ ನೋಡಿ ಹೆದರಬೇಡಿ, ಬೆಂದಾಗ ಪಾತ್ರೆಯ ತಳಕ್ಕೆ ಇಳಿಯುತ್ತದೆ. ಕಾಳು ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕಿ. ಕಾಳು ಬೆರಳ ನಡುವೆ ಹಿಸುಕಿದರೆ ಮುರಿಯಬೇಕು, ಆದರೆ ಕರಗಬಾರದು. ಕಾಳು ಇಡಿಯಾಗಿ ಉಳಿದಷ್ಟೂ ನಿಧಾನವಾಗಿ ಜೀರ್ಣವಾಗುತ್ತದೆ. ಕುಕ್ಕರಿನಲ್ಲಿ ಆರು ಸೀಟಿ ಹೊಡೆಸಿ ಪಾಯಸ ಮಾಡಬೇಡಿ.

ಕಟ್ಟನ್ನು ಬಸಿದು ಪಕ್ಕಕ್ಕಿಡಿ. ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಹುಣಸೆ, ಎರಡು ಚಮಚ ಕಾಯಿತುರಿ ಮತ್ತು ಬಸಿದ ಸೊಪ್ಪು ಕಾಳಿನಲ್ಲಿ ಒಂದು ಹಿಡಿ ಸೇರಿಸಿ ರುಬ್ಬಿ. ಈ ಒಂದು ಹಿಡಿಯನ್ನು ಎರಡು ಹಿಡಿ ಮಾಡಿದರೆ ಸಾರು ಗಟ್ಟಿಯಾಗುತ್ತದೆ, ಕಾಯಿ ಕಡಿಮೆಯಾದದ್ದು ನಾಲಗೆಗೆ ಗೊತ್ತಾಗುವುದಿಲ್ಲ. ಕಟ್ಟಿನ ಜೊತೆ ಕುದಿಸಿ ಒಗ್ಗರಣೆ ಕೊಡಿ. ಬೆಲ್ಲದ ಚೂರು ಹಾಕುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ.

ಲೆಕ್ಕ ಮತ್ತೆ: ಒಬ್ಬರ ಪಾಲಿಗೆ ಬರುವ 30 ಗ್ರಾಂ ಹುರುಳಿಯಲ್ಲಿ ಶರ್ಕರಪಿಷ್ಟ 17 ಗ್ರಾಂ, ಪ್ರೋಟೀನ್ 6 ಗ್ರಾಂ ಮೇಲೆ. ಮುದ್ದೆಯ 40 ಕೂಡಿದರೆ 57. ಸೊಪ್ಪಿನದು ತೀರಾ ಕಡಿಮೆ. ಅರವತ್ತರ ಆಸುಪಾಸಿನಲ್ಲೇ ಊಟ ಮುಗಿಯಿತು.

ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು (ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು, ಕೋಳಿ), ಕಾಲು ಭಾಗ ಮುದ್ದೆ ಅಥವಾ ಅನ್ನ. ಆಲೂಗಡ್ಡೆ ಪಲ್ಯ ತರಕಾರಿಯ ಪಾಲಿಗೆ ಸೇರುವುದಿಲ್ಲ, ಅದು ಅನ್ನದ ಕಡೆಯ ನೆಂಟ. ನಾಟಿ ಕೋಳಿ ಸಾರಿನ ದಿನವೂ ಸೊಪ್ಪಿನ ಪಲ್ಯ ಇರಲೇಬೇಕು. ಆ ದಿನವೇ ಎರಡನೇ ಮುದ್ದೆ ಕೇಳುವುದು.

ಹಂತ 5: ಮೊದಲು ಪಲ್ಯ, ಆಮೇಲೆ ಮುದ್ದೆ

ಪಲ್ಯ, ಕೋಸಂಬರಿ, ಕಾಳನ್ನು ಅಗಿದು ತಿಂದು ಮುಗಿಸಿ, ನಂತರ ಮುದ್ದೆಗೆ ಕೈ ಹಾಕಿ. ನಾರು ಮತ್ತು ಪ್ರೋಟೀನ್ ಮೊದಲು ಹೊಟ್ಟೆಗೆ ಇಳಿದರೆ ಹಿಂದೆ ಬರುವ ಪಿಷ್ಟ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಮುದ್ದೆ ನುಂಗುವ ಊಟವಾದ್ದರಿಂದ ನಮಗೆ ಇದು ಇನ್ನೂ ಮುಖ್ಯ. ಹೊಟ್ಟೆ ತುಂಬಿದ್ದು ತಿಳಿಯುವ ಮೊದಲೇ ಮುದ್ದೆ ಮಾಯವಾಗಿರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ಮಹಡಿಯಲ್ಲೋ ನಡೆಯಿರಿ.

ಹಂತ 6: ಬೆಳಗಿನ ತಿಂಡಿ

ನಮ್ಮ ತಿಂಡಿಗಳಲ್ಲಿ ಹೆಚ್ಚಿನವು ಪಿಷ್ಟವೇ: ಚಿತ್ರಾನ್ನ, ಅವಲಕ್ಕಿ, ರವೆ ಇಡ್ಲಿ, ಮೈದಾ ಪೂರಿ. ಇಲ್ಲಿ ಬದಲಾವಣೆ ಸುಲಭ.

ಉಪ್ಪಿಟ್ಟಿಗೆ ರವೆ ಒಂದು ಪಾಲಾದರೆ ತರಕಾರಿ ತೂಕದಲ್ಲಿ ಎರಡು ಪಾಲು: ಹುರುಳಿಕಾಯಿ, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿ, ಕಾಲ ಬಂದಾಗ ಅವರೆಕಾಳು. ಆಗ ಅದು ತರಕಾರಿ ಉಪ್ಪಿಟ್ಟು ಎನ್ನುವುದಕ್ಕಿಂತ ಉಪ್ಪಿಟ್ಟು ಸವರಿದ ತರಕಾರಿಯಾಗುತ್ತದೆ. ಇರಲಿ. ಇಡ್ಲಿಗೆ ಒಂದು ಲೋಟ ಉದ್ದಿಗೆ ಮೂರು ನಾಲ್ಕು ಲೋಟ ಅಕ್ಕಿತರಿ ಹಾಕುವವರು ಎರಡಕ್ಕೆ ಇಳಿಸಿ, ಅದರಲ್ಲಿ ಒಂದು ಲೋಟ ಸಾಮೆ ಇರಲಿ. ಅಕ್ಕಿರೊಟ್ಟಿಯ ಹಿಟ್ಟಿಗೆ ಸಮತೂಕದ ಸೋರೆಕಾಯಿ ತುರಿ, ಸಬ್ಬಸಿಗೆ ಸೊಪ್ಪು ಸೇರಿಸಿ, ನೀರು ಮುಟ್ಟಿಸದೆ ಕಲಸಿ. ಸೋರೆಯ ನೀರೇ ಸಾಕು.

ನನ್ನ ಆಯ್ಕೆ ಹೆಸರುಕಾಳಿನ ದೋಸೆ. 100 ಗ್ರಾಂ ಹೆಸರುಕಾಳಿನಲ್ಲಿ ಶರ್ಕರಪಿಷ್ಟ 46 ಗ್ರಾಂ ಇದ್ದರೆ ಪ್ರೋಟೀನ್ 22, ನಾರು 17 ಗ್ರಾಂ. ರಾತ್ರಿ ನೆನೆಸಿ, ಶುಂಠಿ, ಹಸಿಮೆಣಸು, ಜೀರಿಗೆ ಹಾಕಿ ತರಿಯಾಗಿ ರುಬ್ಬಿ. ಹುಳಿ ಬರಿಸಬೇಕಿಲ್ಲ. ಕಾವಲಿಗೆ ಎಣ್ಣೆಯನ್ನು ಈರುಳ್ಳಿ ಹೋಳಿನಿಂದ ಸವರಿದರೆ ಅರ್ಧ ಚಮಚದಲ್ಲಿ ಎರಡು ದೋಸೆ ಏಳುತ್ತವೆ.

ಹಂತ 7: ಲೋಟದಲ್ಲಿ ಅಡಗಿದ ಸಕ್ಕರೆ

ಚಮಚಕ್ಕೆ 5 ಗ್ರಾಂ ಹಿಡಿದರೆ, ಎರಡು ಚಮಚದ ಮೂರು ಲೋಟ ಕಾಫಿಯಲ್ಲಿ 30 ಗ್ರಾಂ ಸಕ್ಕರೆ. ಅಷ್ಟು ಕಷ್ಟಪಟ್ಟು ಕಿರಿದು ಮಾಡಿದ ಮುದ್ದೆಯ ಮುಕ್ಕಾಲು ಪಾಲು ಲೋಟದ ದಾರಿಯಲ್ಲಿ ವಾಪಸ್ ಬಂತು. ಬೆಲ್ಲ, ಜೇನುತುಪ್ಪ ಸಕ್ಕರೆಯ ಅಣ್ಣತಮ್ಮಂದಿರೇ. ಬೆಲ್ಲದ ಕಾಫಿಯಿಂದ ಮಧುಮೇಹಕ್ಕೆ ಯಾವ ಉಪಕಾರವೂ ಇಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಒಂದು ತಿಂಗಳಿಗೆ ನಾಲಗೆ ಒಪ್ಪುತ್ತದೆ, ಆಮೇಲೆ ಹಳೆಯ ಕಾಫಿಯೇ ಪಾನಕದಂತೆ ಎನಿಸುತ್ತದೆ.

ರಾಗಿ ಮಾಲ್ಟ್ ಬಗ್ಗೆ ಬಹಳ ಜನ ಮೋಸ ಹೋಗುತ್ತಾರೆ. ನುಣ್ಣನೆ ಹಿಟ್ಟು, ತೆಳ್ಳಗೆ ಬೇಯಿಸಿದ್ದು, ಕುಡಿಯುವಂಥದ್ದು. ಅಗಿಯುವ ಕೆಲಸವಿಲ್ಲದ್ದರಿಂದ ಸಕ್ಕರೆ ಬೇಗ ಏರುತ್ತದೆ, ಬೆಲ್ಲ ಸೇರಿದರೆ ಕೇಳುವುದೇ ಬೇಡ. ಬೇಕೆನಿಸಿದರೆ ಎರಡು ಚಮಚ ಹಿಟ್ಟಿನ ಅಂಬಲಿಗೆ ಉಪ್ಪು, ಮಜ್ಜಿಗೆ, ಈರುಳ್ಳಿ ಹಾಕಿ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯ ಕುಡಿಯುವುದಾದರೆ ಕುಡಿಯಿರಿ, ಆದರೆ ಅವುಗಳ ಭರವಸೆಯಲ್ಲಿ ಮಾತ್ರೆ ನಿಲ್ಲಿಸಬೇಡಿ.

ಹಂತ 8: ಅಳೆಯಿರಿ, ಒಂದೊಂದನ್ನೇ ಬದಲಿಸಿ

ಮೊದಲು ಮುದ್ದೆಯ ಅಳತೆ, ಅದು ಗುರಿಗೆ ಬಂದ ಮುಂದಿನ ವಾರ ಪಲ್ಯದ ಕ್ರಮ, ಅದರ ಮುಂದಿನ ವಾರ ತಿಂಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಫಲ ಕೊಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ಎರಡು ಗಂಟೆಯ ನಂತರ 180ರ ಒಳಗೆ ಎಂಬುದು ಗುರಿ. ವಯಸ್ಸಾದವರಿಗೆ ವೈದ್ಯರು ಇದನ್ನು ಸಡಿಲಿಸುವುದುಂಟು. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಉಪವಾಸ ಬಿದ್ದು ಅದನ್ನು ಯಾಮಾರಿಸಲಾಗದು. ವೈದ್ಯರ ಬಳಿ ಹೋಗುವಾಗ ನೋಟ್‌ಬುಕ್ ಒಯ್ಯಿರಿ.

ಹಂತ 9: ಉಪವಾಸ, ಮದುವೆ ಮನೆ

ಏಕಾದಶಿಯ ಹೆಸರಲ್ಲಿ ಸಬ್ಬಕ್ಕಿ ಉಪ್ಪಿಟ್ಟು ತಿನ್ನುವುದು ಅನ್ನಕ್ಕಿಂತ ಕೆಟ್ಟದ್ದು. ಸಬ್ಬಕ್ಕಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಏಕಾದಶಿಯಾಗಲಿ ರಂಜಾನ್ ಉಪವಾಸವಾಗಲಿ, ಇನ್ಸುಲಿನ್ ಅಥವಾ ಹಂತ 2ರಲ್ಲಿ ಹೇಳಿದ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕಂಡು ಔಷಧದ ಹೊತ್ತು, ಪ್ರಮಾಣ ಹೊಂದಿಸಿಕೊಳ್ಳಬೇಕು.

ಮದುವೆ ಊಟಕ್ಕೆ ಹಸಿದು ಹೋಗಬೇಡಿ. ಹೊರಡುವ ಮೊದಲು ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಕಡಲೆಕಾಯಿ ಬೀಜ ಇರಲಿ. ಎಲೆಯ ಮುಂದೆ ಕೂತಾಗ ಕೋಸಂಬರಿ, ಪಲ್ಯ ಬಡಿಸುವವರನ್ನು ಎರಡು ಸಲ ಕರೆಯಿರಿ, ಅವರಿಗೂ ಸಂತೋಷ. ಹೋಳಿಗೆ ಬಂದರೆ ಅರ್ಧ ಹಾಕಿಸಿಕೊಂಡು, ಆ ದಿನ ಚಿತ್ರಾನ್ನಕ್ಕೂ ಎರಡನೇ ಅನ್ನಕ್ಕೂ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಪಾಯಸ, ಜಹಂಗೀರು, ಹೋಳಿಗೆ ಮೂರೂ ಇದ್ದರೆ ಒಂದನ್ನು ಮಾತ್ರ ಆರಿಸಿಕೊಳ್ಳಿ. ಕೊನೆಯಲ್ಲಿ ಮಜ್ಜಿಗೆಯನ್ನು ಅನ್ನಕ್ಕೆ ಹಾಕಿಸಿಕೊಳ್ಳದೆ ಲೋಟಕ್ಕೆ ಕೇಳಿ. ಬಾಳೆಹಣ್ಣನ್ನು ಜೇಬಿಗೆ ಹಾಕಿಕೊಳ್ಳಿ, ಸಂಜೆಗೆ ಆಯಿತು.